ಏಳನೆಯ ಪಾಠದ ಗಿರಿಜಾ

ಮಾವಳ್ಳಿಯ ನಮ್ಮ ಮನೆಯಲ್ಲಿ ಜಗಲಿ ಅಪ್ಪನದು, ನಡುಮನೆ ಅಜ್ಜಿಯದು, ಅಡುಗೆಮನೆ ಗಿರಿಜತ್ತೆಯದು. ಉಳಿದ ನಾವು ಮೂವರು, ಅಂದರೆ ನಾವು ಆಯಿ ಎನ್ನುತ್ತಿದ್ದ ಅಮ್ಮ, ನಾನು, ನನ್ನ ತಮ್ಮ ನಾಗು, ಜಾಗ ಸಿಕ್ಕ ಕಡೆ ಇರುತ್ತಿದ್ದೆವು. ಮೂರು ಕೋಣೆಗಳೂ ಒಂದರ ಹಿಂದೆ ಒಂದು, ಬಾಗಿಲುಗಳೂ ಒಂದೇ ನೇರಕ್ಕೆ. ಜಗಲಿಯ ಮೇಜಿನಲ್ಲಿ ಕೂತ ಅಪ್ಪ ತಲೆಯೆತ್ತಿದರೆ ಅಡುಗೆಮನೆಯ ಒಲೆ ಕಾಣುತ್ತಿತ್ತು. ಹಾಗಾಗಿ ಚಾ ಬೇಕೆನಿಸಿದಾಗ ಅವರು ಏಳಬೇಕಾಗಿರಲಿಲ್ಲ, ಕೂಗಬೇಕಾಗಿಯೂ ಇರಲಿಲ್ಲ. ಸುಮ್ಮನೆ ತಲೆಯೆತ್ತಿದರೆ ಸಾಕು, ಒಲೆಯ ಮುಂದಿದ್ದ ಗಿರಿಜತ್ತೆ ಪಾತ್ರೆಗೆ ನೀರು ಹಾಕುತ್ತಿದ್ದಳು. ಅವಳು ಅಪ್ಪನ ತಂಗಿ. ಮದುವೆಯಾಗಿ ಕುಮಟೆಯ ಕಡೆ ಹೋದವಳು, ಗಂಡ ತೀರಿಕೊಂಡ ಮೇಲೆ ಒಂದು ತಗಡಿನ ಟ್ರಂಕು ಹಿಡಿದುಕೊಂಡು ತಿರುಗಿ ಬಂದಿದ್ದಳು. ನಾನು ಹುಟ್ಟುವ ಮೊದಲಿನ ಮಾತು ಅದು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳು ಅಡುಗೆಮನೆಯಲ್ಲೇ ಹುಟ್ಟಿ ಬೆಳೆದವಳ ಹಾಗೆ ಕಾಣುತ್ತಿದ್ದಳು. ಬೆಳಿಗ್ಗೆ ನಾವು ಕಣ್ಣುಬಿಡುವಾಗ ಅವಳು ಎದ್ದಾಗಿರುತ್ತಿತ್ತು, ರಾತ್ರಿ ನಾವು ಕಣ್ಣುಮುಚ್ಚುವಾಗ ಇನ್ನೂ ಪಾತ್ರೆಯ ಸದ್ದು ಕೇಳುತ್ತಿತ್ತು. ಅವಳು ಮಲಗಿದ್ದನ್ನು ಒಮ್ಮೆಯೂ ನೋಡದ ನಾನು ಅತ್ತೆಯಂದಿರು ಮಲಗುವುದಿಲ್ಲವೆಂದೇ ಬಹಳ ಕಾಲ ನಂಬಿದ್ದೆ.

ಅಪ್ಪ ಕಾಯ್ಕಿಣಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಶಾಲೆ ಅವರ ಹೊಟ್ಟೆಪಾಡು, ಮಕ್ಕಳಿಗಾಗಿ ಇತಿಹಾಸ ಬರೆಯುವುದು ಅವರ ಹುಚ್ಚು. ರಾಜರ ಇಸವಿ ಉರು ಹೊಡೆದ ಮಕ್ಕಳು ದೊಡ್ಡವರಾಗಿ ಊರಿನ ಲೆಕ್ಕ ಬರೆಯುವ ತಲಾಟಿಗಳಾಗುತ್ತಾರೆಯೇ ಹೊರತು ಮನುಷ್ಯರಾಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಅವರು ರಾಜರನ್ನು ಬಿಟ್ಟು ಅಂಚೆ ಹುಟ್ಟಿದ್ದು ಹೇಗೆ, ದೀಪ ಬಂದದ್ದು ಹೇಗೆ ಎಂದೆಲ್ಲ ತೆಳ್ಳಗಿನ ಪುಸ್ತಕ ಬರೆಯುತ್ತಿದ್ದರು. ಕುಮಟೆಯಲ್ಲಿ ಸಣ್ಣ ಪ್ರೆಸ್ ಇಟ್ಟುಕೊಂಡಿದ್ದ ವಿಠೋಬ ಮಾಮ ಎಂಬ ಗೆಳೆಯರು, ಮದುವೆ ಕಾಗದಗಳ ಕೆಲಸ ಕಡಿಮೆಯಿದ್ದಾಗ ಅವನ್ನು ಅಚ್ಚು ಹಾಕಿಕೊಡುತ್ತಿದ್ದರು. ನಾನು ಐದನೆಯ ಇಯತ್ತೆ ಮುಗಿಸಿದ ಬೇಸಿಗೆ ರಜೆಯಲ್ಲಿ ಅಪ್ಪ ಎಲ್ಲಿಂದಲೋ ದಪ್ಪನೆಯದೊಂದು ಇಂಗ್ಲಿಷ್ ಪುಸ್ತಕ ಎರವಲು ತಂದರು, ಹಗಲೆಲ್ಲ ಡಿಕ್ಷನರಿ ತಿರುವಿ ಓದಿದರು, ಆಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲಿ ಪ್ರಕಟಿಸಿದರು. ಈ ಸಲ ಮಕ್ಕಳಿಗೆ ಗುಲಾಮಗಿರಿ ಹೇಗೆ ರದ್ದಾಯಿತೆಂದು ಹೇಳುವುದು. ಹನ್ನೆರಡು ಪಾಠ. ಪ್ರತಿ ಪಾಠವನ್ನೂ ಮೊದಲು ಮನೆಯವರಿಗೆ ಓದಿ ಹೇಳುವುದು, ಮನೆಯವರಿಗೆ ತಿಳಿದರೆ ಮಕ್ಕಳಿಗೆ ತಿಳಿದ ಹಾಗೆ.

ಒಂದೇ ಒಂದು ತೊಡಕಿತ್ತು. ಅಪ್ಪನ ಅಕ್ಷರ. ಹಿಂದಿನ ಪುಸ್ತಕದ ಹಸ್ತಪ್ರತಿಯನ್ನು ವಿಠೋಬ ಮಾಮ ಬಸ್ಸಿನ ಕಂಡಕ್ಟರನ ಕೈಯಲ್ಲಿ ವಾಪಸ್ಸು ಕಳಿಸಿ, ಇದು ಕನ್ನಡವೋ ಮುಂಬಯಿ ಸರಕಾರದ ಕಾಲದ ಮೋಡಿ ಲಿಪಿಯೋ ಎಂದು ಕೇಳಿದ್ದರು. ನನ್ನ ಅಕ್ಷರ ಗುಂಡಗಿತ್ತು. ಹಾಗಾಗಿ ನಾನು ಲೇಖಕಿಯಾದೆ. ಮೇಜಿನ ಪಕ್ಕ ಚಾಪೆ ಹಾಸಿ, ಮಣೆಯ ಮೇಲೆ ಕಾಗದವಿಟ್ಟು ಕೂರಿಸಿ ಅಪ್ಪ ನನಗೆ ಕಾಯಿದೆ ಹೇಳಿದರು.

“ಸುಮಿ, ನನ್ನ ಬಾಯಿಂದ ಬಂದದ್ದು ಬರೀಬೇಕು. ಒಂದಕ್ಷರ ಬಿಡೂಕಿಲ್ಲ, ಒಂದಕ್ಷರ ಸೇರಿಸೂಕಿಲ್ಲ. ಅರ್ಥ ಆತಾ?”

ಅರ್ಥವಾಗಿತ್ತು. ಮುಂದೆ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ, ಸಾಕ್ಷಿದಾರರು ಹೇಳಿದ್ದನ್ನು ಹೇಳಿದ ಹಾಗೇ ಬಡಿಯುತ್ತ ಇಡೀ ನೌಕರಿ ಕಳೆದವಳು ನಾನು. ನನ್ನ ತರಬೇತಿ ಆ ಚಾಪೆಯ ಮೇಲೆ ಆದದ್ದು.

ಮೊದಲ ಸಂಜೆ ಪುಸ್ತಕದ ಹೆಸರಿಗೇ ಗಲಾಟೆಯಾಯಿತು. ಕೇಳುಗರೆಂದರೆ ಅಜ್ಜಿ, ಆಯಿ, ನಾನು, ನಾಗು, ಮತ್ತು ಪಕ್ಕದ ಮನೆಯ ಜಟ್ಟಪ್ಪ. ಜಟ್ಟಪ್ಪ ಮೀನು ದೋಣಿಯ ತಾಂಡೇಲ, ಹತ್ತು ಜನ ಬಲೆಗಾರರಿಗೆ ಮುಖಂಡ. ಸಂಜೆ ನಮ್ಮ ಜಗಲಿಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕದಿದ್ದರೆ ಅವನಿಗೆ ದಿನ ಮುಗಿಯುತ್ತಿರಲಿಲ್ಲ. ಗಿರಿಜತ್ತೆ ಕೇಳುಗರ ಲೆಕ್ಕದಲ್ಲಿರಲಿಲ್ಲ. ಅವಳು ಒಲೆಯ ಮುಂದೆ ಇದ್ದಳು, ಬಾಗಿಲುಗಳು ನೇರವಾಗಿದ್ದುದರಿಂದ ಎಲ್ಲವೂ ಅವಳಿಗೆ ಕೇಳುತ್ತಿತ್ತು. ಅಪ್ಪ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ‘ದಾಸ್ಯ ವಿಮೋಚನೆ’ ಎಂದು ಹೆಸರು ಓದಿದರು. ಅಜ್ಜಿ ಥಟ್ಟನೆ ಜಪಮಾಲೆ ನಿಲ್ಲಿಸಿದರು.

“ದಾಸರನ್ನ ಎಂತಕ್ಕೆ ಬಿಡಿಸೂದು? ಅವ್ರು ತಂಬೂರಿ ಹಿಡ್ಕಂಡು ತಮ್ಮಷ್ಟಕ್ಕೆ ದೇವರ ಪದ ಹೇಳ್ಕಂಡು ಹೋಗೂರು. ನಿಂಗೆ ಎಂತ ಮಾಡಿದ್ರು?”

ಆ ದಾಸರಲ್ಲ ಎಂದು ಅಪ್ಪ ಬಿಡಿಸಿ ಹೇಳಿದರು. ಹಾಗಾದರೆ ‘ಗುಲಾಮರ ಕಥೆ’ ಇರಲಿ ಎಂದುಕೊಂಡರೆ ಜಟ್ಟಪ್ಪ ಒಪ್ಪಲಿಲ್ಲ.

“ಇಸ್ಪೀಟಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡಂವ, ಮಾಸ್ತರ್ರೇ. ಇಪ್ಪತ್ತೆಂಟರ ಆಟ ಆಡೂವಾಗ ರಾಜನ್ನೇ ಹೊಡ್ಕಂಡು ಹೋಗ್ತ. ಅವನ್ನ ಬಿಡಿಸೂದಂದ್ರೆ ಹುಡುಗ್ರು ನಗ್ಯಾಡ್ತರೆ.”

ಜಟ್ಟಪ್ಪನ ನಗು ಎರಡನೆಯ ಪಾಠದವರೆಗೆ ಮಾತ್ರ ಇತ್ತು. ಅದು ಹಡಗಿನ ಪಾಠ. ಜನರನ್ನು ಸರಪಳಿಯಲ್ಲಿ ಕಟ್ಟಿ, ಅಟ್ಟದಷ್ಟು ತಗ್ಗಾದ ತಳಭಾಗದಲ್ಲಿ ಒಬ್ಬರ ಪಕ್ಕ ಒಬ್ಬರನ್ನು ಮಲಗಿಸಿ, ತಿಂಗಳುಗಟ್ಟಲೆ ಸಾಗಿಸಿದ್ದನ್ನು ಅಪ್ಪ ಅಲಂಕಾರವಿಲ್ಲದೆ ಬರೆದಿದ್ದರು. ಓದಿ ಮುಗಿಸಿದಾಗ ಜಟ್ಟಪ್ಪ ಒಂದೇ ಪ್ರಶ್ನೆ ಕೇಳಿದ, ಆ ತಳಭಾಗದ ಎತ್ತರ ಎಷ್ಟು ಎಂದು. ಅಪ್ಪ ಮೇಜಿನ ಕಾಲಿನ ಅರ್ಧಕ್ಕಿಂತ ತುಸು ಮೇಲೆ ಅಂಗೈ ಚಾಚಿ ತೋರಿಸಿದರು. ಜಟ್ಟಪ್ಪ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಬಾಯಲ್ಲಿದ್ದ ಎಲೆಯಡಿಕೆ ಹೊರಗೆ ಉಗುಳಿ, ಹೇಳದೆ ಕೇಳದೆ ಎದ್ದುಹೋದ. ಮಾರನೆಯ ದಿನ ಬಂದು ಕಟ್ಟೆಯ ಮೇಲೆ ಕೂತವನು, “ನಾವು ಬಂಗಡೆಗೂ ಇದಕ್ಕಿಂತ ಹೆಚ್ಚು ಜಾಗ ಬಿಡ್ತೇವು” ಎಂದ. ಅಪ್ಪ ಆ ಮಾತನ್ನು ಪುಸ್ತಕಕ್ಕೆ ಸೇರಿಸಬೇಕೆಂದರು, ಮತ್ತೆ ಬೇಡವೆಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರ ಹೆತ್ತ ಮಕ್ಕಳೋ ಪಾಪ, ಎಂದು ನಿಟ್ಟುಸಿರು ಬಿಟ್ಟು, ನಡುಮನೆಯಿಂದ ಕರೆದರು.

“ಗಿರಿಜಾ, ಒಲೆ ಕೆಲ್ಸ ಆತಾ? ಆತಂದ್ರೆ ಬಂದು ಕಾಲು ಒತ್ತೆ ಮಾರಾಯ್ತಿ, ಕೂತು ಕೂತು ಜೋಮು ಹಿಡೀತು.”

ಮಕ್ಕಳ ಮೇಲೆ ಪುಸ್ತಕದ ಪರಿಣಾಮ ಏನೆಂದು ಅಪ್ಪನಿಗೆ ಬೇಗ ತಿಳಿಯಿತು. ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ನಮಗೆ ಬೇಡವೆಂದು ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಹೆಂಗಸರು, ಮಕ್ಕಳು ಸಕ್ಕರೆ ಬಿಟ್ಟರು ಎಂದು ಐದನೆಯ ಪಾಠದಲ್ಲಿತ್ತು. ನಾನು ಮತ್ತು ನಾಗು ಮಾರನೆಯ ಬೆಳಿಗ್ಗೆ ಸಕ್ಕರೆ ತ್ಯಜಿಸಿದ್ದೇವೆಂದು ಘೋಷಿಸಿದೆವು. ನಮ್ಮ ಮನೆಯಲ್ಲಿ ಚಾಕ್ಕೆ ಹಾಕುತ್ತಿದ್ದುದು ಬೆಲ್ಲ. ಸಕ್ಕರೆ ಇದ್ದದ್ದು ಮೇಲಿನ ಗೂಡಿನಲ್ಲಿ, ನೆಂಟರಿಗಾಗಿ, ಒಂದು ಸಣ್ಣ ಶೀಶೆಯಷ್ಟು. ಹೀಗಾಗಿ ತೋಟದ ಮಾಲೀಕರಿಗೆ ನಮ್ಮಿಂದ ಏನೂ ನಷ್ಟವಾಗಲಿಲ್ಲ. ಸಂಜೆಯೊಳಗೆ ನಾಗು ಶೀಶೆಗೆ ಬೆರಳು ಹಾಕಿ ಸಿಕ್ಕಿಬಿದ್ದ. ಅವನನ್ನು ಹೋರಾಟದ್ರೋಹಿ ಎಂದು ನಾನು ಹೊಡೆದೆ. ಯಾರನ್ನೂ ಹೊಡೆಯುವುದು ಸರಿಯಲ್ಲವೆಂದು ಅಪ್ಪ ನನ್ನನ್ನು ಹೊಡೆದರು.

ಇಷ್ಟರಲ್ಲಿ ಹೊನ್ನಾವರದಿಂದ ಆಯಿಯ ಅಕ್ಕ ಬಂದಳು. ಬಂದವಳು ಊಟ ಮಾಡಿ, ಎಲೆಯಡಿಕೆ ಹಾಕಿ, ಏನೂ ಅಲ್ಲವೆಂಬಂತೆ ಒಂದು ಸುದ್ದಿ ಹೇಳಿದಳು. ಅಲ್ಲಿ ಕಾಲೇಜು ಓದುವ ಹುಡುಗಿಯರ ಹಾಸ್ಟೆಲಿಗೆ ಅಡುಗೆಯವಳು ಬೇಕಂತೆ. ಸಂಬಳವಿದೆ, ಇರಲು ಒಂದು ಕೋಣೆಯಿದೆ, ಕಾಲೇಜು ಶುರುವಾಗುವಾಗ ಸೇರಬೇಕಂತೆ. ಈ ಸುದ್ದಿಯನ್ನು ಹುಡುಕಿಸಿ ತರಿಸಿದವಳು ಆಯಿಯೇ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ದಿನ ಆಯಿ ಗೋಡೆ ನೋಡುತ್ತ ಹೂ ಕಟ್ಟುತ್ತಿದ್ದಳು. ಗಿರಿಜತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ನಾ ಹೋಗ್ತೆ” ಎಂದಳು. ಎಲ್ಲಿಗೆ, ಬಾವಿಕಟ್ಟೆಗಾ ಎಂದು ಅಜ್ಜಿ ಕೇಳಿದರು. ಹೊನ್ನಾವರಕ್ಕೆ ಎಂದಳು ಅತ್ತೆ. ಅಪ್ಪ ಮೊದಲು ನಕ್ಕರು.

“ಇಲ್ಲಿ ಆರು ಜನಕ್ಕೆ ಬೇಯಿಸೂದು ಕಷ್ಟ ಆತು, ಅಲ್ಲಿ ಅರವತ್ತು ಜನಕ್ಕೆ ಬೇಯಿಸೂದು ಸುಖವಾ?”

“ಕಷ್ಟ ಹೇಳಿ ನಾ ಎಲ್ಲಿ ಹೇಳ್ದೆ, ಅಣ್ಣ? ಹೋಗ್ತೆ ಹೇಳ್ದೆ.”

ಅಲ್ಲಿಂದ ಮನೆ ಎರಡಾಯಿತು. ಅಜ್ಜಿಯದು ಒಂದೇ ಮಾತು. ಮಾಸ್ತರರ ತಂಗಿ ಕೂಲಿಗೆ ಸೌಟು ಹಿಡಿದಳೆಂದರೆ ಮಾವಳ್ಳಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಅಪ್ಪ ಆ ದಿನಗಳಲ್ಲಿ ಮೇಜಿಗೆ ಕೂತರೂ ಅವರ ಗಮನವೆಲ್ಲ ಒಲೆಯ ಕಡೆಗೆ. ಗಿರಿಜತ್ತೆ ವಾದ ಮಾಡಲಿಲ್ಲ. ದಿನಕ್ಕೊಮ್ಮೆ, ಎಲ್ಲರ ಊಟವಾದ ಮೇಲೆ, ಇಂಥ ದಿನ ಹೋಗುತ್ತೇನೆಂದು ಪಂಚಾಂಗ ಹೇಳಿದ ಹಾಗೆ ಹೇಳುತ್ತಿದ್ದಳು, ಅಷ್ಟೆ.

ಅಂಥದ್ದೇ ಒಂದು ಬೆಳಿಗ್ಗೆ ಅಪ್ಪ ಏಳನೆಯ ಪಾಠ ಹೇಳಿ ಬರೆಸುತ್ತಿದ್ದರು. ಬಿಡುಗಡೆಯ ಮಾತು ಬಂದಾಗ ತೋಟದ ಮಾಲೀಕರು ಏನೇನು ವಾದ ಹೂಡಿದರು ಎಂಬುದು ಪಾಠದ ವಿಷಯ. ಮಕ್ಕಳಿಗೆ ಸುಲಭವಾಗಲೆಂದು ಅಪ್ಪ ಒಬ್ಬ ಮಾಲೀಕನನ್ನು ಮಾತಾಡಿಸುತ್ತಿದ್ದರು. “ಉದ್ಧರಣ ಚಿಹ್ನೆ ಹಾಕು” ಎಂದರು, ಹಾಕಿದೆ. “ಇವರನ್ನು ಬಿಟ್ಟರೆ ಇವರ ಗತಿಯೇನು? ಹೊರಗಿನ ಪ್ರಪಂಚ ಇವರಿಗೇನು ಗೊತ್ತು?” ಎಂದರು, ಬರೆದೆ. ಆಗಲೇ ಗಿರಿಜತ್ತೆ ಚಾ ತಂದು ಮೇಜಿನ ಮೇಲಿಟ್ಟು, “ನಾಳೆ ಹೊನ್ನಾವರಕ್ಕೆ ಹೋಗಿ ಹಾಸ್ಟೆಲ್ ನೋಡ್ಕಂಡು ಬತ್ತೆ” ಎಂದು ಹೇಳಿ ಒಳಗೆ ಹೋದಳು. ಅಪ್ಪನಿಗೊಂದು ಸ್ವಭಾವವಿತ್ತು. ಸಮಾಧಾನದಲ್ಲಿದ್ದಾಗ ಊರಿನ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತು ಪಠ್ಯಪುಸ್ತಕದ ಕನ್ನಡವಾಗುತ್ತಿತ್ತು. ಅವರು ಎದ್ದುನಿಂತರು. ಬಾಗಿಲುಗಳಾಚೆಯ ಒಲೆಯತ್ತ ನೋಡುತ್ತ ಶುರುಮಾಡಿದರು.

“ಗಿರಿಜಾ, ಇಲ್ಲಿ ನಿನಗೇನು ಕೊರತೆಯಾಗಿದೆ? ಎರಡು ಹೊತ್ತಿನ ಊಟವಿಲ್ಲವೆ? ವರ್ಷಕ್ಕೆ ಎರಡು ಸೀರೆ ಕೊಡಿಸುತ್ತಿಲ್ಲವೆ?”

ನನಗೆ ಸಣ್ಣ ಅನುಮಾನ ಬಂತು. ಪೆನ್ನು ಎತ್ತಿ ಹಿಡಿದು ಕೇಳಿದೆ.

“ಅಪ್ಪ, ಇದೂ ಬರೀಬೇಕಾ?”

“ಬರಿ! ಒಂದಕ್ಷರ ಬಿಡಬೇಡ!” ಎಂದು ಅಪ್ಪ ನನ್ನತ್ತ ನೋಡದೆ ಗುಡುಗಿದರು.

ಬರೆದೆ. “ಯಾರಾದರೂ ನಿನಗೆ ಒಂದು ಮಾತು ಅಂದಿದ್ದಾರೆಯೆ? ನಿನ್ನನ್ನು ಮನೆಯವಳಂತೆ ನೋಡಿಕೊಳ್ಳುತ್ತಿಲ್ಲವೆ? ಹೊರಗೆ ಕಾಲಿಟ್ಟರೆ ನಾಲ್ಕು ದಿನದಲ್ಲಿ ಅಳುತ್ತ ಬಂದು ಇದೇ ಬಾಗಿಲಲ್ಲಿ ನಿಲ್ಲುವೆ. ನಾನು ಬದುಕಿರುವವರೆಗೆ ಇದು ನಡೆಯುವುದಿಲ್ಲ!” ಒಳಗಿನಿಂದ ತೆಂಗಿನಕಾಯಿ ತುರಿಯುವ ಸದ್ದು ಮಾತ್ರ ಬರುತ್ತಿತ್ತು. ಅಪ್ಪ ದೊಪ್ಪನೆ ಕುರ್ಚಿಗೆ ಕೂತು, ಆರಿದ ಚಾವನ್ನು ಒಂದೇ ಗುಟುಕಿಗೆ ಕುಡಿದು, “ಸಾಕು ಇವತ್ತಿಗೆ. ಉದ್ಧರಣ ಚಿಹ್ನೆ ಮುಗಿಸು” ಎಂದರು. ಮುಗಿಸಿದೆ. ಮಾರನೆಯ ದಿನ ಎಂಟನೆಯ ಪಾಠದಿಂದ ಶುರುಮಾಡಿದರು. ಏಳನೆಯದನ್ನು ಮನೆಯವರಿಗೆ ಓದಿ ಹೇಳಲಿಲ್ಲ, ಬರೆದ ಕಾಗದಗಳನ್ನು ತಿರುಗಿ ನೋಡುವ ಮನಸ್ಥಿತಿ ಅವರಿಗಿರಲಿಲ್ಲ, ನನ್ನ ಕೈಬರಹದ ಮೇಲೆ ನಂಬಿಕೆಯೂ ಇತ್ತು. ಆವರೆಗೆ ಬರೆದದ್ದರ ಕಟ್ಟು ಕುಮಟೆಯ ಬಸ್ಸು ಹತ್ತಿತು.

ಗಿರಿಜತ್ತೆ ಹೊನ್ನಾವರಕ್ಕೆ ಹೋಗಿ ನೋಡಿಕೊಂಡು ಬಂದಳು. ಒಂಬತ್ತನೆಯ ಪಾಠವೂ ಆ ವಾರವೇ ಓದಲ್ಪಟ್ಟಿತು. ಕಾನೂನು ಬಂದ ಮೇಲೂ ಮಾಲೀಕರು ಗುಲಾಮರನ್ನು ಕೂಡಲೇ ಬಿಡಲಿಲ್ಲ, ಕೆಲಸ ಕಲಿಸುವ ನೆಪ ಹೇಳಿ ಇನ್ನೂ ಕೆಲವು ವರ್ಷ ದುಡಿಸಿಕೊಂಡರು, ಬಿಟ್ಟದ್ದಕ್ಕೆ ಸರಕಾರ ಪರಿಹಾರ ಕೊಟ್ಟದ್ದೂ ಮಾಲೀಕರಿಗೇ, ಎಂಬುದು ಅದರಲ್ಲಿತ್ತು. ಅಜ್ಜಿಗೆ ಅದು ಅರಗಲೇ ಇಲ್ಲ.

“ಹುಟ್ಟಿದಾಗಿಂದ ಕಬ್ಬು ಕಡ್ದವ್ರಿಗೆ ಕಬ್ಬಿನ ಕೆಲ್ಸ ಕಲಿಸೂದಾ? ಅದೆಂತ ಮಳ್ಳು ಮಾತು! ಅವ್ರಿಗೆ ಬಿಡೂಕೆ ಮನಸ್ಸಿಲ್ಲ, ಅದಕ್ಕೆ.”

ಮಳೆಗಾಲ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ವಿಠೋಬ ಮಾಮ ಕರಡಚ್ಚು ಹಿಡಿದುಕೊಂಡು ತಾವೇ ಬಂದರು. ಮೊದಲಾದರೆ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದರು. ಈ ಸಲ ಪುಸ್ತಕ ಅಷ್ಟು ಚೆನ್ನಾಗಿದೆ, ನೋಡಿ ಹೇಳಿಯೇ ಹೋಗಬೇಕೆಂದು ಬಂದೆ ಎಂದರು. ಅಪ್ಪನ ಮುಖ ಅರಳಿತು. ನಡುಮನೆಯಲ್ಲಿ ಎಲೆ ಹಾಕಿದರು. ಕುಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ನೊಗಲಿ ಮೀನು. ಅಪ್ಪ, ವಿಠೋಬ ಮಾಮ, ನಾಗು, ನಾನು ಕೂತೆವು. ಅಜ್ಜಿ ಗೋಡೆಗೊರಗಿ ಮಣೆಯ ಮೇಲೆ, ಆಯಿ ಬಾಗಿಲಲ್ಲಿ, ಗಿರಿಜತ್ತೆ ಬಡಿಸುತ್ತಿದ್ದಳು. ವಿಠೋಬ ಮಾಮ ಮೀನಿನ ಮುಳ್ಳು ಬಿಡಿಸುತ್ತ ಹೊಗಳಿದರು.

“ಎಲ್ಲ ಪಾಠ ಒಂದು ತೂಕ, ಮಾಸ್ತರ್ರೇ, ಏಳನೇದು ಒಂದು ತೂಕ. ಆ ಮಾಲೀಕ ಮಾತಾಡೂದು ಉಂಟಲ್ಲ, ಅರೇ, ಎದುರಿಗೆ ನಿಂತು ಬೈದ ಹಾಂಗೇ ಅದೆ! ಅಚ್ಚಿನ ಮೊಳೆ ಜೋಡಿಸೂ ಹುಡುಗ ಎರಡು ಸಲ ಓದಿದ. ಆ ದೇಶದಲ್ಲಿ ಸೀರೆ ಉಡೂದಿಲ್ಲ ಹೇಳಿ ಅಂವನೇ ‘ಸೀರೆ’ ತೆಗ್ದು ‘ಬಟ್ಟೆ’ ಹಾಕಿದ.”

ಅಪ್ಪ ತುತ್ತು ಹಿಡಿದುಕೊಂಡೇ, ಯಾವ ಸೀರೆ, ಎಂದರು.

“ಅದೇ, ಆ ಗಿರಿಜಾ ಹೇಳೂ ಹೆಂಗ್ಸಿಗೆ ವರ್ಷಕ್ಕೆ ಎರಡು ಕೊಡಿಸ್ತೆ ಹೇಳ್ತ ಅಲ್ಲ ಮಾಲೀಕ! ನಮ್ಮ ಕಡೆ ಹೆಸರು ಇಟ್ಟದ್ದು ಒಳ್ಳೇದಾತು, ಮಕ್ಕಳಿಗೆ ಹತ್ರ ಆಗ್ತದೆ. ಆದ್ರೆ ಒಂದು ಕೊರತೆ ಅದೆ. ಮುಂದೆ ಆ ಗಿರಿಜಾ ಎಂತ ಆದ್ಲು? ಹೋದ್ಲಾ, ಅಲ್ಲೇ ಉಳಿದ್ಲಾ? ನೀವು ಬರೀಲೇ ಇಲ್ಲ. ಓದಿದವ್ರು ಕೇಳ್ತರೆ.”

ಗಿರಿಜತ್ತೆ ವಿಠೋಬ ಮಾಮನ ಎಲೆಗೆ ಸಾರು ಹಾಕುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಿಂತಳು. ಅವರಿಗೆ ಅವಳ ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳ ಕೈಯ ಊಟ ಉಂಡಿದ್ದರೂ ಅವಳು ಅವರಿಗೆ ಮಾಸ್ತರರ ತಂಗಿ, ಅಷ್ಟೆ. ಅಪ್ಪ ನನ್ನತ್ತ ನೋಡಿದರು. ನಾನು ನೊಗಲಿಯತ್ತ ನೋಡಿದೆ. ಆಯಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು, ಒಳಗೆ ಅವಳು ಕೆಮ್ಮಿದಳೋ ನಕ್ಕಳೋ ತಿಳಿಯುವ ಹಾಗಿರಲಿಲ್ಲ. ನಾಗುವಿಗೆ ಮಾತ್ರ ಎಲ್ಲ ಸ್ಪಷ್ಟವಾಗಿತ್ತು.

“ಮಾಮ, ಗಿರಿಜಾ ಅಂದ್ರೆ ಇವಳೇ. ಅವಳಿನ್ನೂ ಹೋಗ್ಲಿಲ್ಲ. ಅಪ್ಪ ಬಿಡೂದಿಲ್ಲ.”

ವಿಠೋಬ ಮಾಮ ಬೇಗಬೇಗ ಅನ್ನ ಕಲಸತೊಡಗಿದರು. ಕೈತೊಳೆದು ಬಂದ ಅಪ್ಪ ಜಗಲಿಯಲ್ಲಿ ಕೂತು ಏಳನೆಯ ಪಾಠದ ಕರಡಚ್ಚು ಓದಿದರು. ಓದುತ್ತ ಓದುತ್ತ ಕಿವಿ ಕೆಂಪಗಾಯಿತು. ನನಗೆ ಹೊಡೆತ ಖಂಡಿತವೆಂದು ನಾನು ಜಟ್ಟಪ್ಪನ ಮನೆಯ ಬೇಲಿಯ ಹತ್ತಿರ ನಿಂತು, ಓಡಲು ಅನುಕೂಲವಾಗುವಂತೆ ಒಂದು ಕಾಲು ಆಚೆ ಇಟ್ಟುಕೊಂಡಿದ್ದೆ. ಅವರು ಹೊಡೆಯಲಿಲ್ಲ. ಇಡೀ ಮಾತನ್ನು ತೆಗೆದುಬಿಡಿ ಎಂದು ವಿಠೋಬ ಮಾಮನಿಗೆ ಹೇಳಿದರು. ಆಗ ಗಿರಿಜತ್ತೆ ಜಗಲಿಗೆ ಬಂದಳು. ಪರರ ಎದುರು ಅವಳು ಜಗಲಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನನ್ನ ಹೆಸರು ತೆಗೀರಿ. ಅವ್ರ ಕಥೇಲಿ ನಾ ಸೇರೂದು ಬ್ಯಾಡ. ನನ್ನ ಯಾರೂ ಸರಪಳಿ ಹಾಕಿ ತರ್ಲಿಲ್ಲ, ಮಾರ್ಲಿಲ್ಲ, ಹೊಡೀಲಿಲ್ಲ. ಅವ್ರು ಉಂಡ ಕಷ್ಟದ ಎದ್ರು ನಂದು ಎಂತದೂ ಅಲ್ಲ. ಆದ್ರೆ ಅಣ್ಣ, ಮಾತು ತೆಗೀಬ್ಯಾಡ. ಮಾಲೀಕ ಹೇಳೂ ಮಾತೂ ಅದೇ ಅಲ್ಲ?”

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಹೇಳಿದ ಮಾತು ಊರಿನ ಮಾತಾಗಿತ್ತು, ಹಾಗಾಗಿ ಸಿಟ್ಟು ಇಳಿದಿದೆಯೆಂದು ನಮಗೆ ತಿಳಿಯಿತು.

“ಹೋಗೂದು ಬ್ಯಾಡ ಹೇಳಿ ನಾ ಹೇಳೂದಿಲ್ಲ. ಒಂದೆರಡು ವರ್ಷ ಹೋಗ್ಲಿ. ಈ ಹುಡುಗಿ ಅಡುಗೆ ಕಲೀಲಿ. ಆಮೇಲೆ ನೋಡ್ವ.”

ನಡುಮನೆಯ ಕತ್ತಲಿನಿಂದ ಅಜ್ಜಿಯ ದನಿ ಬಂತು.

“ಇದು ಒಂಬತ್ತನೇ ಪಾಠ ಅಲ್ಲನಾ ಮಗಾ?”

ಅಪ್ಪನಿಗೆ ಸೋಲಾದದ್ದು ಅಲ್ಲಿ. ಅಜ್ಜಿ ಕೋಲೂರಿಕೊಂಡು ಬಾಗಿಲಿಗೆ ಬಂದು, ಮಗಳ ಮುಖ ನೋಡದೆ, ಅಂಗಳದ ತುಳಸಿಯನ್ನು ನೋಡುತ್ತ ಹೇಳಿದರು. “ಹೋಗ್ಲಿ ಬಿಡು. ಊರವ್ರು ಎಂತ ಹೇಳ್ತರೆ ಹೇಳಿ ನಾನೇ ಕುಣೀತಿದ್ದೆ. ಊರವ್ರು ಬಂದು ನನ್ನ ಕಾಲು ಒತ್ತೂದಿಲ್ಲ, ಇವಳ ಕಾಲೂ ಒತ್ತೂದಿಲ್ಲ.” ಆಮೇಲೆ, “ಆದ್ರೆ ನಂಗೆ ಕಷ್ಟ ಆಗ್ತದೆ, ಅದು ಖರೆ” ಎಂದರು. ಅಜ್ಜಿ ಎಂದೂ ಪೂರ್ತಿ ಪುಣ್ಯ ಕಟ್ಟಿಕೊಂಡವರಲ್ಲ, ಸ್ವಲ್ಪ ಉಳಿಸಿಯೇ ಇಡುತ್ತಿದ್ದರು.

ಜೂನ್‌ನ ಮೊದಲ ಮಳೆ ಬಿದ್ದ ಮಾರನೆಯ ದಿನ ಗಿರಿಜತ್ತೆ ಹೋದಳು. ತಗಡಿನ ಟ್ರಂಕನ್ನು ಜಟ್ಟಪ್ಪ ಹೆಗಲ ಮೇಲೆ ಹೊತ್ತು ಹೆದ್ದಾರಿಯವರೆಗೆ ಬಂದ. ಬಸ್ಸು ಬರುವವರೆಗೆ ಅಪ್ಪ, ಛತ್ರಿ ಇದೆಯಾ, ಚಿಲ್ಲರೆ ಇದೆಯಾ, ಶರಾವತಿ ಸೇತುವೆ ದಾಟಿದ ಮೇಲೆ ಇಳಿಯಬೇಕು ಗೊತ್ತಿದೆಯಾ ಎಂದು ಕೇಳುತ್ತಲೇ ಇದ್ದರು. ಹೊನ್ನಾವರ ದಾಟಿ ಕುಮಟೆಗೆ ಸೊಸೆಯಾಗಿ ಹೋಗಿ ಬಂದವಳಿಗೆ ಸೇತುವೆ ಗೊತ್ತಿರಲಾರದೆ ಎಂದು ಯಾರೂ ಹೇಳಲಿಲ್ಲ. ಅವಳು ಎಲ್ಲದಕ್ಕೂ ಹೂಂ ಎಂದಳು. ಬಸ್ಸು ಹೊರಟಾಗ ನಾನು ಅತ್ತುಬಿಟ್ಟೆ, ಅವಳು ಅಳಲಿಲ್ಲ, ನನಗೆ ಅದರಿಂದ ಬಹಳ ಅವಮಾನವಾಯಿತು.

ಆಮೇಲಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಇತಿಹಾಸವೆನ್ನುವುದಕ್ಕಿಂತ ಅನಾಹುತವೆನ್ನಬೇಕು. ಆಯಿ ಮೊದಲ ದಿನವೇ ನಮ್ಮೆಲ್ಲರನ್ನು ಸಾಲಾಗಿ ನಿಲ್ಲಿಸಿದಳು. ಇಷ್ಟು ವರ್ಷ ಜಾಗ ಸಿಕ್ಕ ಕಡೆ ಇದ್ದವಳಿಗೆ ಇಷ್ಟು ದೊಡ್ಡ ದನಿ ಇತ್ತೆಂದು ಆಗಲೇ ನಮಗೆ ತಿಳಿದದ್ದು.

“ಅವ್ಳು ಹೋದ್ರೆ ನಂಗೇ ಜಾಸ್ತಿ ಕೆಲ್ಸ ಬೀಳೂದು ಹೇಳಿ ಗೊತ್ತಿತ್ತು. ಗೊತ್ತಿದ್ದೇ ಹೋಗ್ಲಿ ಹೇಳ್ದೆ. ಆದ್ರೆ ಎರಡನೇ ಗಿರಿಜಾ ಆಗೂಕೆ ನಾ ತಯಾರಿಲ್ಲ. ನೀರು ಸೇದೂದು ಸುಮಿ, ಕಸ ಗುಡಿಸೂದು ನಾಗು, ಕಾಯಿ ತುರಿಯೂದು, ಚಾ ಮಾಡ್ಕಂಬುದು...”

ಆಯಿ ಅಪ್ಪನತ್ತ ನೋಡಿದಳು. ಅಪ್ಪ ಛಾವಣಿಯತ್ತ ನೋಡಿದರು. ಆದರೂ ಮಾಡಿದರು. ಮೊದಲ ದಿನ ತೆಂಗಿನಕಾಯಿಯ ಜೊತೆ ಹೆಬ್ಬೆರಳನ್ನೂ ತುರಿದುಕೊಂಡರು. ಚಾಪುಡಿ ಮೊದಲೋ ನೀರು ಮೊದಲೋ ಎಂದು ಒಲೆಯ ಮುಂದೆ ನಿಂತು ಇಡೀ ಮನೆಗೆ ಕೇಳುವಂತೆ ವಿಚಾರಿಸುತ್ತಿದ್ದರು. ಅವರ ಚಾ ಕುಡಿದ ಜಟ್ಟಪ್ಪ, ಇದು ಬಲೆಗೆ ಬಣ್ಣ ಕಟ್ಟಲು ಒಳ್ಳೆಯದೆಂದ. ಅಜ್ಜಿ ಕಾಲಿಗೆ ತಾವೇ ಎಣ್ಣೆ ಹಚ್ಚಿಕೊಳ್ಳಲು ಕಲಿತರು, ಕೈಗೆ ವ್ಯಾಯಾಮವಾಗಿ ಭುಜದ ನೋವು ಹೋಯಿತೆಂದು ಬಂದವರಿಗೆಲ್ಲ ಹೇಳಿದರು, ತಾವೇ ಹಚ್ಚಿಕೊಳ್ಳಬೇಕಾಗಿ ಬಂದದ್ದಕ್ಕೆ ಕಾರಣವೇನೆಂದು ಮಾತ್ರ ಹೇಳುತ್ತಿರಲಿಲ್ಲ.

ಏಳನೆಯ ಪಾಠ ಅರ್ಧಕ್ಕೇ ನಿಂತಿತ್ತು. ವಿಠೋಬ ಮಾಮ ಕಂಡಕ್ಟರನ ಕೈಯಲ್ಲಿ ಮೇಲಿಂದ ಮೇಲೆ ಹೇಳಿಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಚಾಪೆಗೆ ಕರೆದು, ಹೆಬ್ಬೆರಳಿನ ಬಟ್ಟೆ ಸರಿಮಾಡಿಕೊಳ್ಳುತ್ತ, ಒಂದೊಂದೇ ಮಾತು ಹೇಳಿ ಬರೆಸಿದರು. “ಕೊನೆಗೆ ಆ ಹೆಂಗಸು ಮಾಲೀಕನ ಅಪ್ಪಣೆಗೆ ಕಾಯದೆ ಹೋದಳು. ಆಗುತ್ತದೆಂದು ಅವನು ಹೆದರಿಸಿದ್ದ ಒಂದು ಸಂಗತಿಯೂ ಅವಳಿಗೆ ಆಗಲಿಲ್ಲ. ಅವಳು ಅಳುತ್ತ ತಿರುಗಿ ಬರಲಿಲ್ಲ.” ಇಷ್ಟು ಹೇಳಿ ತಲೆಯೆತ್ತಿ ಒಲೆಯತ್ತ ನೋಡಿದರು. ನಾನು ಕಾದೆ. “ಮಾಲೀಕನಿಗೆ ಮಾತ್ರ ತನ್ನ ಅನ್ನ ತಾನು ಬೇಯಿಸಿಕೊಳ್ಳಲು ಬರುತ್ತಿರಲಿಲ್ಲ” ಎಂದರು. ಬರೆದೆ. ಅದನ್ನೊಮ್ಮೆ ಓದಿಸಿ ಕೇಳಿ, “ಇದು ಬ್ಯಾಡ, ಹೊಡೆದು ಹಾಕು” ಎಂದರು. ಹೊಡೆದುಹಾಕಿದೆ. ಪುಸ್ತಕ ಬಂತು. ಗಿರಿಜಾ ಎಂಬ ಹೆಸರಿದ್ದ ಕಡೆ ‘ಎಲೈ ಹೆಣ್ಣೇ’ ಎಂದಾಗಿತ್ತು, ಸೀರೆ ಬಟ್ಟೆಯಾಗಿತ್ತು. ಉಳಿದ ಮಾತು ಅಕ್ಷರ ಬಿಡದೆ ಹಾಗೇ ಇತ್ತು. ನಮ್ಮ ಶಾಲೆಯ ಮಕ್ಕಳು ಆ ಪಾಠವನ್ನು ನಾಟಕದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಮಾಲೀಕನ ಮಾತು ಓದಲು ಎಲ್ಲರಿಗೂ ಆಸೆ.

ಚೌತಿಯ ಹಿಂದಿನ ವಾರ ಅಪ್ಪ ಒಂದು ಪ್ರತಿ ಹಿಡಿದುಕೊಂಡು ಹೊನ್ನಾವರಕ್ಕೆ ಹೋದರು, ನನ್ನನ್ನೂ ಕರೆದುಕೊಂಡು. ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ, ಗಂಡಸರನ್ನು ಒಳಗೆ ಬಿಡುವುದಿಲ್ಲವೆಂದು ಅಪ್ಪನನ್ನು ನಿಲ್ಲಿಸಿ, ಯಾರು ಬೇಕು, ಏನಾಗಬೇಕು ಎಂದು ವಿಚಾರಿಸಿ, ಅಕ್ಕೋರನ್ನ ಕೇಳಿ ಬರ್ತೆ ಎಂದು ಒಳಗೆ ಹೋದ. ಅಕ್ಕೋರು ಎಂದರೆ ಗಿರಿಜತ್ತೆ ಎಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಬಂದಳು, ಸೊಂಟಕ್ಕೆ ಉಗ್ರಾಣದ ಕೀಲಿ ಸಿಕ್ಕಿಸಿಕೊಂಡು, ಸ್ವಲ್ಪ ದಪ್ಪಗಾಗಿ. ಮುಂಬಾಗಿಲಿನ ಬೆಂಚಿನ ಮೇಲೆ ಕೂತು ಏಳನೆಯ ಪಾಠ ಓದಿದಳು. ಕೊನೆಯ ಮೂರು ಸಾಲುಗಳನ್ನು ಇನ್ನೊಮ್ಮೆ ಓದಿದಳು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. ಅಪ್ಪ ನೆಲ ನೋಡುತ್ತ ಕೇಳಿದರು.

“ಚೌತಿಗೆ ಬತ್ತ್ಯಾ?”

“ಎಂತಕ್ಕೆ? ಕಜ್ಜಾಯ ಕರಿಯೂಕೆ ಜನ ಇಲ್ವಾ?”

“ಅಲ್ಲ, ಅಲ್ಲ. ಸುಮ್ನೆ ಬಾ. ಊಟಕ್ಕೆ.”

ಬಂದಳು. ಚೌತಿಯ ದಿನ ಬೆಳಗಿನ ಬಸ್ಸಿಗೆ, ತಾನೇ ಕೊಂಡ ಹಸಿರು ಸೀರೆ ಉಟ್ಟು, ನಮಗೆಲ್ಲ ಬಿಸ್ಕತ್ತು ಹಿಡಿದುಕೊಂಡು. ಬಂದವಳು ಅಭ್ಯಾಸಬಲದಿಂದ ನೇರ ಅಡುಗೆಮನೆಯತ್ತ ನಡೆದಳು, ಹೊಸ್ತಿಲಲ್ಲಿ ಆಯಿ ಅಡ್ಡ ನಿಂತಳು. ಅತ್ತೆ ತಿರುಗಿ ಬಂದು ಜಗಲಿಯಲ್ಲಿ ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ಬಿಸ್ಕತ್ತಿನ ಪೊಟ್ಟಣದ ದಾರವನ್ನು ಬಿಚ್ಚಿ ಕಟ್ಟಿ ಮಾಡಿದಳು. ಪೂಜೆ ಮುಗಿದ ಮೇಲೆ ಮೊದಲ ಪಂಕ್ತಿಗೆ ಅವಳ ಎಲೆ ಅಜ್ಜಿಯ ಎಲೆಯ ಪಕ್ಕದಲ್ಲಿ ಬಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಂತರು. ಉಪ್ಪಿನಕಾಯಿ ಹಾಕುವಲ್ಲಿ ಪಲ್ಯ ಹಾಕಿದರು, ಪಲ್ಯದ ಜಾಗದಲ್ಲಿ ಅನ್ನ ಹಾಕಿದರು. ಪಾಯಸ ಹಾಕುವಾಗ ಸೌಟು ಓರೆಯಾಗಿ ನಾಲ್ಕು ಹನಿ ಹಸಿರು ಸೀರೆಯ ಮೇಲೆ ಬಿತ್ತು. ಅತ್ತೆ ಸೀರೆಯನ್ನು ನೋಡಿಕೊಂಡಳು. ಪಾಯಸವನ್ನು ಬೆರಳಲ್ಲಿ ತೆಗೆದು ನೆಕ್ಕಿದಳು.

“ಅಣ್ಣ, ಬೆಲ್ಲ ಕಮ್ಮಿ ಆತು.”

ಚಾಕ್ಕೆಂದು ಹೊರಗಿಟ್ಟಿದ್ದ ಬೆಲ್ಲವೆಲ್ಲ ಪಾಯಸಕ್ಕೆ ಮುಗಿದಿತ್ತು. ಒಳಗಿಟ್ಟದ್ದನ್ನು ತರಲು ಅಪ್ಪ ಹೋದರು. ಡಬ್ಬಿಗಳನ್ನು ತೆಗೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿತು. ಒಂದು ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು. ಎಲ್ಲಿ ಇಟ್ಟಿದ್ದಾರೋ ಇವರು, ಎಂದು ಅಪ್ಪ ಗೊಣಗಿದರು. ಗಿರಿಜತ್ತೆಯ ಎಡಗೈ ನೆಲಕ್ಕೂರಿತು, ಮೊಣಕಾಲು ಸ್ವಲ್ಪ ಮೇಲೆ ಬಂತು. ಅಜ್ಜಿ ಅವಳ ತೊಡೆಯ ಮೇಲೆ ಕೈಯಿಟ್ಟರು. ಅವಳು ಕೂತಲ್ಲಿಂದಲೇ, ಕತ್ತು ಹೊರಳಿಸಿ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಮೇಲಿನ ಗೂಡಲ್ಲಿ, ಅಣ್ಣ. ಎಡಕ್ಕೆ.”